ಮುನ್ನೂರ ಇಪ್ಪತ್ತಮೂರು ಗುಡ್ಡೆ

ಯುಗಾದಿಯ ಮಾರನೇ ದಿನ, ವರ್ಷತೊಡಕಿನ ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ ನಮ್ಮೂರ ಕಣದ ಮಣ್ಣು ಕೆಸರಾಗಿರುತ್ತದೆ. ನೀರಿನ ಕೆಸರಲ್ಲ. ಊರಿನವರೆಲ್ಲ ಸೇರಿ ಕುರಿ ತರುತ್ತಾರೆ, ಒಂದೇ ಜಾಗದಲ್ಲಿ ಕುಯ್ಯುತ್ತಾರೆ, ಮನೆಗೊಂದು ಗುಡ್ಡೆಯಂತೆ ಹಂಚಿಕೊಳ್ಳುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಯಾವ ಕಡೆ ಹೋದರೂ ಗುಡ್ಡೆ ಬಾಡು ಇದ್ದೇ ಇದೆ. ನಮ್ಮದು ಹಾರನಹಳ್ಳಿ ಹೋಬಳಿಯ ಊರು. ಅಲ್ಲಿ ಎಷ್ಟೋ ವರ್ಷದಿಂದ ಮಚ್ಚು ಹಿಡಿಯುವವನು ನಾನು.

ಬೇರೆ ಊರುಗಳಲ್ಲಿ ತೂಗಿ ಕೊಡುತ್ತಾರೆ. ನಮ್ಮಲ್ಲಿ ತಕ್ಕಡಿ ತಂದರೆ ನನಗೆ ಅವಮಾನ. ತೊಡೆ, ಪಕ್ಕೆ, ಈಲಿ, ಕರುಳು, ತಲೆ, ಯಾವುದನ್ನೇ ಆಗಲಿ ಎಷ್ಟು ಮನೆಯೋ ಅಷ್ಟು ತುಂಡು ಮಾಡುತ್ತೇನೆ. ಪ್ರತಿ ಗುಡ್ಡೆಗೂ ಎಲ್ಲದರ ತುಂಡು ಬೀಳುತ್ತದೆ. ನಾನು ಕಡಿದ ಪಾಲನ್ನು ಮನೆಗೆ ಹೊತ್ತುಕೊಂಡು ಹೋಗಿ ಕದ್ದು ತೂಗಿದವರಿದ್ದಾರೆ. ತೂಗಿ ಬಂದು ನನ್ನ ಮುಂದೆ ಬಾಯಿ ಬಿಟ್ಟವರು ಯಾರೂ ಇಲ್ಲ.

ನಮ್ಮೂರಿಗೆ ಇನ್ನೊಂದು ಕಟ್ಟುಪಾಡು ಇದೆ. ಮಾಂಸ ಹಾಕುವ ಮೊದಲು ಟಾರ್ಪಾಲಿನ ಮೇಲೆ ಬಾಳೆ ಎಲೆಯ ತುಂಡುಗಳನ್ನು ಸಾಲು ಸಾಲಾಗಿ ಹಾಸಬೇಕು. ಎಲ್ಲ ಸಾಲಿನಲ್ಲೂ ಅಷ್ಟಷ್ಟೇ ಎಲೆ ಇರಬೇಕು. ಕೊನೆಯ ಸಾಲು ಗಿಡ್ಡವಾದರೆ ಅದನ್ನು ಕುಂಟು ಸಾಲು ಅನ್ನುತ್ತಾರೆ. ನಮ್ಮ ತಾತನ ಕಾಲದಲ್ಲಿ ಒಂದು ವರ್ಷ ಕುಂಟು ಸಾಲಿನಲ್ಲಿ ಒಂಟಿ ಗುಡ್ಡೆ ಉಳಿಯಿತಂತೆ. ಅದರಲ್ಲಿ ಬರೀ ಮೂಳೆ, ಬೇಕಂತಲೇ ನನಗೆ ಹಾಕಿದ್ದೀರಿ ಅಂತ ಒಬ್ಬ ಎದ್ದ. ಕುರಿ ಕುಯ್ದ ಚೂರಿ ಅವತ್ತೇ ಇನ್ನೊಬ್ಬನ ಹೊಟ್ಟೆಗೆ ಇಳಿಯಿತು. ಆಮೇಲೆ ಊರಲ್ಲಿ ಕುಂಟು ಸಾಲು ಹಾಕಿಲ್ಲ. ಹಾಕಿದರೆ ವರ್ಷದೊಳಗೆ ಹೆಣ ಬೀಳುತ್ತದೆ ಅಂತ ಈಗಿನ ಹುಡುಗರೂ ನಂಬುತ್ತಾರೆ.

ಅದಕ್ಕೇ ಸಂಖ್ಯೆಯ ಗುಣ ನನಗೆ ಗೊತ್ತಿರಬೇಕಾಯಿತು. ಕುರಿಯ ಕಾಲಿನಲ್ಲಿ ಕೀಲು ಎಲ್ಲಿದೆ ಅಂತ ಗೊತ್ತಿದ್ದವನಿಗೆ ಮಚ್ಚು ಬಾಳೆದಿಂಡಿಗೆ ಇಳಿದಂತೆ ಇಳಿಯುತ್ತದೆ. ಗೊತ್ತಿಲ್ಲದವನು ಮೂಳೆ ಪುಡಿ ಮಾಡುತ್ತಾನೆ. ಸಂಖ್ಯೆಗೂ ಕೀಲು ಇದೆ. ನಾನು ವಾರಪೂರ್ತಿ ಹುಣಸೂರಿನ ರಸ್ತೆ ಬದಿಯ ಮಟನ್ ಅಂಗಡಿಯಲ್ಲಿ ಕೆಲಸ ಮಾಡುವವನು. ಗಿರಾಕಿ ಇಲ್ಲದಾಗ ಹೋಗುವ ಬರುವ ಲಾರಿಗಳ ನಂಬರನ್ನು ಮನಸ್ಸಿನಲ್ಲೇ ದಿಮ್ಮಿಯ ಮೇಲೆ ಮಲಗಿಸಿ ಹೊಡೆಯುತ್ತಿದ್ದೆ. ಸಾವಿರದ ಒಂದು ಅಂತ ಒಂದು ಲಾರಿ ಬರುತ್ತಿತ್ತು. ನೋಡುವುದಕ್ಕೆ ಗಟ್ಟಿ ಪಿಂಡ. ಹೊಡೆದರೆ ಏಳು, ಹನ್ನೊಂದು, ಹದಿಮೂರು ಅಂತ ಮೂರು ತುಂಡಾಗಿ ಬಿದ್ದುಹೋಯಿತು. ಒಂದು ಜೀಪಿನ ನಂಬರು ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ತಮೂರು. ಅದಕ್ಕೆ ಸಂಜೆವರೆಗೂ ಹೊಡೆದೆ. ಒಂದು ಕಡೆಯೂ ಬಿಡಲಿಲ್ಲ. ಅಂಥದ್ದಕ್ಕೆ ಕೀಲೇ ಇಲ್ಲ. ಅದು ಎಷ್ಟೇ ದೊಡ್ಡದಿರಲಿ, ಎಲೆ ಹಾಸಿದರೆ ಕುಂಟು ಸಾಲೇ.

ಹೊಡೆಯುವುದನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ನಾನೇ ಕಂಡುಕೊಂಡೆ. ಯಾವುದರಿಂದ ಹೊಡೆಯುತ್ತೀಯೋ ಅದನ್ನು ಅದರಿಂದಲೇ ಗುಣಿಸು. ಬಂದ ಲೆಕ್ಕ ದಿಮ್ಮಿ ಮೇಲಿನ ಸಂಖ್ಯೆಯನ್ನು ದಾಟುವ ತನಕ ಕೈ ಬಿಡಬೇಡ. ದಾಟಿದ ಮೇಲೆ ಹೊಡೆದು ಪ್ರಯೋಜನವಿಲ್ಲ. ಇನ್ನೊಂದು ಇದೆ, ಅದು ನನಗೆ ಎಲ್ಲಕ್ಕಿಂತ ಇಷ್ಟ. ನಾಲ್ಕೊಂದನ್ನು ಬಿಟ್ಟು, ಉದ್ದ ಅಗಲ ಒಂದೇ ಆಗಿರುವ ಯಾವುದೇ ಚೌಕದ ಸಂಖ್ಯೆಯಿಂದ ಒಂದನ್ನು ಕಿತ್ತರೆ, ಉಳಿದದ್ದು ಎಷ್ಟೇ ಒರಟಾಗಿ ಕಾಣಲಿ, ಒಡೆದೇ ಒಡೆಯುತ್ತದೆ. ಹತ್ತು ಹತ್ತಲಿ ನೂರು. ಒಂದು ಕಿತ್ತರೆ ಒಂಬತ್ತು ಹನ್ನೊಂದ್ಲಿ. ಸಾವಿರ ಸಾವಿರಲಿ ಹತ್ತು ಲಕ್ಷ. ಒಂದು ಕಮ್ಮಿ ಹತ್ತು ಲಕ್ಷವನ್ನು ನೋಡಿದರೆ ಒಂಬತ್ತುಗಳ ಗೋಡೆ. ಆದರೆ ಅದು ಒಂಬೈನೂರ ತೊಂಬತ್ತೊಂಬತ್ತು ಸಾವಿರದ ಒಂದ್ಲಿ. ಒಂದು ಮೆಟ್ಟಿಲು ಕೆಳಗೆ, ಒಂದು ಮೆಟ್ಟಿಲು ಮೇಲೆ, ಅಷ್ಟೇ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಹೇಳಿಕೊಡಬೇಕಾದವರು ಹೊಡೆದರು. ನಮ್ಮೂರ ಸ್ಕೂಲಿನಲ್ಲಿ ಬಹಳ ಕಾಲ ಒಬ್ಬರೇ ಮೇಷ್ಟರು. ಮಗ್ಗಿ ಅಂದರೆ ಅವರಿಗೆ ಮೈಮೇಲೆ ಬರುತ್ತಿತ್ತು. ಹದಿನಾರರ ಮಗ್ಗಿಯವರೆಗೆ ಬರೀ ಬೈಗುಳ. ಹದಿನೇಳು ಶುರುವಾದ ದಿನ ಹುಣಸೆ ಬರಲು, ಆ ಸಣ್ಣ ಕೋಲು, ಕೈಗೆ ಬರುತ್ತಿತ್ತು. ತಪ್ಪಿದವನ ಬೆರಳನ್ನು ಮೇಜಿನ ಅಂಚಿನ ಮೇಲೆ ಇಡಿಸಿ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಅರ್ಧ ಊರು ಹದಿನೇಳಕ್ಕೆ ಸ್ಕೂಲು ಬಿಟ್ಟಿತು, ಉಳಿದರ್ಧ ಬಾಯಿ ಆಡಿಸಿ ಪಾರಾಯಿತು. ನನ್ನನ್ನು ನಿಲ್ಲಿಸಿ ಹದಿನೇಳು ಎಂಟ್ಲಿ ಎಷ್ಟು ಅಂದರು. ಗೊತ್ತಿಲ್ಲ ಸಾ ಅಂದೆ. ಬರಲು ಮುರಿಯುವ ತನಕ ಹೊಡೆದರು. ಬಲಗೈಯ ನಡುಬೆರಳಿನ ಗೆಣ್ಣು ಒಡೆದು ಬಿಳಿ ಕಾಣಿಸಿತು. ನಾನು ಸ್ಲೇಟನ್ನು ಅವರ ಮೇಜಿಗೆ ಚಚ್ಚಿ ಪುಡಿ ಮಾಡಿ ಎದ್ದು ಬಂದವನು ಮತ್ತೆ ಆ ಹೊಸಿಲು ತುಳಿಯಲಿಲ್ಲ. ಆ ಬೆರಳು ಈಗಲೂ ನೆಟ್ಟಗಾಗುವುದಿಲ್ಲ. ಮಚ್ಚು ಹಿಡಿಯುವುದಕ್ಕೆ ಅದೇ ಒಳ್ಳೆಯ ಕೊಂಡಿ. ಆ ಜಿದ್ದಿಗೇ ಹದಿನೇಳರ ಮಗ್ಗಿಯನ್ನು ಅಂಗಡಿಯಲ್ಲಿ ನಿಂತು ಇಪ್ಪತ್ತರವರೆಗೆ ಬಾಯಿಪಾಠ ಮಾಡಿದೆ.

ಇನ್ನು ನಮ್ಮ ಅಕ್ಕನ ವಿಚಾರ. ಅಕ್ಕನನ್ನು ನಮ್ಮೂರಲ್ಲೇ ಕೊಟ್ಟಿದೆ. ಒಂದು ವರ್ಷ ಯುಗಾದಿಗೆ ಮುಂಚೆ, ಅಕ್ಕನ ಹಸು ಯಜಮಾನರ ತಮ್ಮನ ಹೊಲಕ್ಕೆ ಬಾಯಿ ಹಾಕಿತು. ಊರಿಗೆ ಯಜಮಾನರು ಅಣ್ಣ, ಎಗರಾಡುವವನು ತಮ್ಮ. ಅವನನ್ನು ಎಲ್ಲರೂ ಚಿಕ್ಕ ಯಜಮಾನ ಅನ್ನುತ್ತಾರೆ. ಅವನು ಹಸುವಿನ ಕಾಲು ಮುರಿದ. ಕೇಳಲು ಹೋದ ಅಕ್ಕನ ಜುಟ್ಟು ಹಿಡಿದು ಬದುವಿನ ಮೇಲೆ ಎಳೆದಾಡಿದ. ಭಾವ ಕೈಯಲ್ಲಿದ್ದ ಕುಡುಗೋಲು ಬೀಸಿದರು. ಚಿಕ್ಕ ಯಜಮಾನನ ಎಡಗೈಯ ಎರಡು ಬೆರಳು ಹೊಗೆಸೊಪ್ಪಿನ ಸಸಿಮಡಿಯಲ್ಲಿ ಬಿದ್ದವು. ಅವನ ಕಡೆಯವರು ಭಾವನನ್ನು ಕಲ್ಲಿನಿಂದ ಚಚ್ಚಿ ದವಡೆ ಮುರಿದರು, ಮುಂದಿನ ಹಲ್ಲು ಒಂದೂ ಉಳಿಯಲಿಲ್ಲ.

ಪೊಲೀಸಿಗೆ ಎರಡು ಕಡೆಯವರೂ ಹೋಗಲಿಲ್ಲ. ಊರು ಕೂತು ತೀರ್ಮಾನ ಮಾಡಿತು: ಈ ವರ್ಷ ಆ ಮನೆಗೆ ಗುಡ್ಡೆ ಇಲ್ಲ.

ಗುಡ್ಡೆ ಇಲ್ಲ ಅಂದರೆ ಬರೀ ಬಾಡಿನ ಮಾತಲ್ಲ. ತೊಡಕಿನ ದಿನ ಕಣದಲ್ಲಿ ಯಾರ ಮನೆಯ ಹೆಸರು ಕೂಗುವುದಿಲ್ಲವೋ ಆ ಮನೆ ಊರಿನಿಂದ ಹೊರಗೆ. ಅವರ ಹೊಲಕ್ಕೆ ಆಳು ಹೋಗುವುದಿಲ್ಲ, ಅವರ ಮನೆಯಲ್ಲಿ ಹೆಣ ಬಿದ್ದರೆ ಹೆಗಲು ಕೊಡುವುದಿಲ್ಲ. ಹೊಗೆಸೊಪ್ಪು ಮುರಿದ ದಿನವೇ ಕಡ್ಡಿಗೆ ಕಟ್ಟಿ, ಬೆಂಕಿ ಹಾಕಿ ಒಣಗಿಸುವ ಬ್ಯಾರನ್ನಿಗೆ ಏರಿಸದಿದ್ದರೆ ಕೊಳೆಯುತ್ತದೆ. ಹಲ್ಲಿಲ್ಲದ ಗಂಡ, ಹಾಸಿಗೆ ಹಿಡಿದ ಅತ್ತೆ, ಇವರಿಬ್ಬರನ್ನು ಇಟ್ಟುಕೊಂಡು ಅಕ್ಕ ಒಬ್ಬಳೇ ಏನು ಮಾಡಿಯಾಳು? ಊರು ಬಿಡಬೇಕು, ಅಷ್ಟೇ. ಚಿಕ್ಕ ಯಜಮಾನನಿಗೆ ಬೇಕಾಗಿದ್ದೂ ಅದೇ.

ತೊಡಕಿನ ಬೆಳಿಗ್ಗೆ ಕಣಕ್ಕೆ ಹೋದಾಗ ಚಿಕ್ಕ ಯಜಮಾನ ನನ್ನನ್ನು ಅಡ್ಡಗಟ್ಟಿದ. ಪ್ರತಿ ವರ್ಷ ಎಷ್ಟೆಷ್ಟು ಎಲೆಯ ಎಷ್ಟು ಸಾಲು ಅಂತ ಹೇಳುವವನು ನಾನೇ.

"ಈ ಸಲ ಲೆಕ್ಕ ನಿಂದಲ್ಲ ಕಣ್ಲಾ," ಅಂದ. "ಅಕ್ಕನ್ ಮನೆ ತೂರಿಸ್ಬುಟ್ಟೀಯ. ನೀನು ಕಡಿ, ಬಾಯ್ ಮುಚ್ಕೊಂಡು ಕಡಿ. ಲೆಕ್ಕ ನಾವ್ ನೋಡ್ಕತೀವಿ."

ಸರಿ ಅಂದೆ. ಬಾಯಿ ಮುಚ್ಚು ಅಂದವನು ಅವನು. ಆ ಮಾತನ್ನು ನಾನು ಅಕ್ಷರಕ್ಕೆ ಅಕ್ಷರ ಪಾಲಿಸಿದೆ.

ಕುರಿಗಳ ಕುತ್ತಿಗೆ ಒಂದೊಂದಾಗಿ ಬಿತ್ತು. ಬಿಸಿ ರಕ್ತ ಬೋಸಿಗಳಿಗೆ ಸುರಿಯಿತು, ತಲೆಗಳನ್ನು ಸ್ಕೂಲಿನ ಗೋಡೆಯುದ್ದಕ್ಕೂ ಜೋಡಿಸಿದರು. ಹುಣಸೆ ದಿಮ್ಮಿಯ ಮೇಲೆ ನನ್ನ ಮಚ್ಚು ಏರಿ ಇಳಿಯುತ್ತಿರುವಾಗಲೇ ಯಜಮಾನರು ಮನೆ ಲೆಕ್ಕ ಕೂಗಿದರು. ಹೋದ ವರ್ಷ ಮುನ್ನೂರ ಇಪ್ಪತ್ತಿತ್ತು, ಹದಿನಾರು ಸಾಲು, ಸಾಲಿಗೆ ಇಪ್ಪತ್ತು. ಈ ವರ್ಷ ಅಣ್ಣತಮ್ಮಂದಿರು ಪಾಲಾಗಿ ನಾಲ್ಕು ಮನೆ ಹೆಚ್ಚಿವೆ. ಅಕ್ಕನ ಮನೆ ಕಿತ್ತರೆ ಮುನ್ನೂರ ಇಪ್ಪತ್ತಮೂರು.

ನನ್ನ ಮಚ್ಚು ಒಂದು ಗಳಿಗೆ ಮೇಲೇ ನಿಂತಿತು. ಹದಿನೆಂಟು ಹದಿನೆಂಟ್ಲಿ ಮುನ್ನೂರ ಇಪ್ಪತ್ತನಾಲ್ಕು. ಅಕ್ಕನ ಮನೆ ಸೇರಿದರೆ ಅಪ್ಪಟ ಚೌಕ. ಅವಳನ್ನು ಕಿತ್ತರೆ ಚೌಕಕ್ಕೆ ಒಂದು ಕಮ್ಮಿ. ಅಂದರೆ ಒಂದು ಕೆಳಗೆ, ಒಂದು ಮೇಲೆ: ಹದಿನೇಳು ಹತ್ತೊಂಬತ್ಲಿ. ಅದಕ್ಕೆ ಬೇರೆ ಕೀಲೇ ಇಲ್ಲ. ಹದಿನೇಳರ ಮೇಲೆ ಹೊಡೆದರೆ ಬಿಡುತ್ತದೆ, ಇಲ್ಲದಿದ್ದರೆ ಇಲ್ಲ. ಮಚ್ಚು ಇಳಿಸಿ ಕೆಲಸ ಮುಂದುವರಿಸಿದೆ.

ಎಲೆ ಹಾಸಲು ಶುರು ಮಾಡಿದರು. ಸಾಲಿಗೆ ಹನ್ನೆರಡು ಇಟ್ಟರು, ಕೊನೆಯಲ್ಲಿ ಹನ್ನೊಂದು ಉಳಿಯಿತು. ಎತ್ತಿ ಹದಿನೈದು ಇಟ್ಟರು, ಎಂಟು ಉಳಿಯಿತು. ಏಳು ಇಟ್ಟಾಗ ಎಲ್ಲರೂ ಬಗ್ಗಿ ನೋಡಿದರು. ಒಂದು ಉಳಿಯಿತು, ಒಂಟಿ. ಯಾರೋ ಥೂ ಅಂತ ಉಗಿದು ಕಾಲಿನಿಂದ ಎಲೆ ಚೆದುರಿಸಿದ. ಒಬ್ಬ ಫೋನು ತೆಗೆದ. ಹಿರಿಯರು ಒಂದೊಂದೇ ಸಂಖ್ಯೆ ಹೇಳಿದರು, ಅವನು ಭಾಗಿಸಿ ಇಲ್ಲ ಇಲ್ಲ ಅಂದ. ಹದಿನಾರು ಅಂದರು. ಇಲ್ಲ ಅಂದ. ಆಮೇಲೆ ಯಾರೂ ಏನೂ ಹೇಳಲಿಲ್ಲ. ಫೋನು ಜೇಬಿಗೆ ಹೋಯಿತು. ನಮ್ಮೂರಲ್ಲಿ ಲೆಕ್ಕ ಮುಗಿಯುವುದೇ ಹದಿನಾರಕ್ಕೆ. ಅದರಾಚೆಗಿರುವುದು ಬರಲು.

ಹದಿನಾರು ಹದಿನಾರ್ಲಿ ಇನ್ನೂರ ಐವತ್ತಾರು. ಇನ್ನೂ ದಾಟಿಲ್ಲ, ಇನ್ನೊಂದು ಏಟು ಬಾಕಿ ಇದೆ. ನಾನು ಪಕ್ಕೆ ಮೂಳೆ ಕಡಿಯುತ್ತಾ ಕೂತಿದ್ದೆ.

ಬಿಸಿಲೇರಿತು. ಮಾಂಸದ ಮೇಲೆ ನೊಣ ಕೂತವು. ಒಂದು ಮನೆ ಬಿಟ್ಟರೆ ಹದಿನಾಲ್ಕರ ಸಾಲಿಗೆ ಬರುತ್ತದೆ ಅಂತ ಒಬ್ಬ ಕಂಡುಹಿಡಿದ. ಯಾವ ಮನೆ ಬಿಡುವುದು? ಹೊಸದಾಗಿ ಪಾಲಾದ ಅಣ್ಣತಮ್ಮಂದಿರು ಇಬ್ಬರಿದ್ದರು, ನೀವಿಬ್ಬರೂ ಇನ್ನೂ ಒಂದೇ ಸೂರಿನಲ್ಲಿದ್ದೀರಿ, ಒಂದೇ ಗುಡ್ಡೆ ತಗೊಳ್ಳಿ ಅಂದರು. ಅಣ್ಣ ಆಗಲಿ ಅಂದ. ಗುಡ್ಡೆ ಯಾರ ಹೆಸರಿನಲ್ಲಿ ಕೂಗುತ್ತೀರಿ ಅಂತ ತಮ್ಮ ಕೇಳಿದ. ಅಣ್ಣನ ಹೆಸರು ಅಂದರು. ತಮ್ಮ ನೆಲದ ಮೇಲಿದ್ದ ಕುರಿ ತಲೆಯನ್ನು ಕಿವಿ ಹಿಡಿದು ಎತ್ತಿ ಅಣ್ಣನ ಮುಖಕ್ಕೆ ಬೀಸಿದ. ಕೊಂಬು ಕೆನ್ನೆಗೆ ಬಿತ್ತು, ಕಿವಿಯಿಂದ ತುಟಿಯವರೆಗೆ ಸೀಳಿತು. ಅಣ್ಣ ಅವನನ್ನು ಕರುಳಿನ ಬೋಸಿಯ ಮೇಲೆ ಕೆಡವಿ ಎದೆಯ ಮೇಲೆ ಕೂತು ಗುದ್ದಿದ. ಬಿಡಿಸಲು ಹೋದವರಿಗೂ ಬಿತ್ತು. ಒಂದೇ ತಾಯಿಯ ಮಕ್ಕಳು ಕುರಿ ರಕ್ತ ಯಾವುದು ತಮ್ಮ ರಕ್ತ ಯಾವುದು ತಿಳಿಯದ ಹಾಗೆ ಹೊರಳಾಡಿದರು.

ಅವರನ್ನು ಎಳೆದು ಆಚೀಚೆ ಮಾಡಿದ ಮೇಲೆ ಮನೆ ಬಿಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಇವತ್ತು ಅವನನ್ನು ಬಿಟ್ಟವರು ನಾಳೆ ನನ್ನನ್ನು ಬಿಟ್ಟಾರು ಅನ್ನುವುದು ಎಲ್ಲರ ಮುಖದಲ್ಲೂ ಇತ್ತು. ಉಳಿದದ್ದು ಒಂದೇ ದಾರಿ, ಇನ್ನೊಂದು ಎಲೆ ಸೇರಿಸುವುದು. ಸೇರಿಸಬಹುದಾದ ಮನೆ ಊರಲ್ಲಿ ಒಂದೇ ಇತ್ತು. ಯಜಮಾನರು ಅದನ್ನು ಬಾಯಿ ಬಿಟ್ಟು ಹೇಳುವ ಮೊದಲೇ ಚಿಕ್ಕ ಯಜಮಾನ ತಿರುಗಿದ. ನನ್ನ ಕಡೆಗಲ್ಲ. ಅರಳಿಕಟ್ಟೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮೇಷ್ಟರ ಕಡೆಗೆ.

ನಾನು ಅವರನ್ನು ಮರೆತೇಬಿಟ್ಟಿದ್ದೆ. ರಿಟೈರಾದ ಮೇಲೂ ಅವರು ಊರಲ್ಲೇ ಉಳಿದರು, ಅವರಿಗೂ ಒಂದು ಗುಡ್ಡೆ ಇದೆ. ಮುದುಕರಾಗಿದ್ದಾರೆ, ಕೈ ನಡುಗುತ್ತದೆ. ಆದರೆ ಹದಿನೇಳು ಅವರಿಗೆ ಗೊತ್ತು. ಈ ಊರಲ್ಲಿ ನನಗೆ ಬಿಟ್ಟರೆ ಅವರೊಬ್ಬರಿಗೇ ಗೊತ್ತು.

"ಮೇಷ್ಟ್ರೇ, ನೀವೇ ಲೆಕ್ಕ ಏಳ್ಬುಡಿ," ಅಂದ ಚಿಕ್ಕ ಯಜಮಾನ. "ಮುನ್ನೂರ ಇಪ್ಪತ್ಮೂರು ಸಾಲಿಗ್ ಬತ್ತದಾ, ಇಲ್ವಾ?"

ಮೇಷ್ಟರ ಕಣ್ಣು ಜನರ ಮೇಲೆ ಹರಿದು ನನ್ನ ಮೇಲೆ ನಿಂತಿತು. ನನ್ನ ಮುಖದ ಮೇಲಲ್ಲ, ಮಚ್ಚಿನ ಹಿಡಿಯ ಮೇಲೆ, ಆ ಡೊಂಕು ಬೆರಳಿನ ಮೇಲೆ. ಆ ಮುದುಕ ಒಂದು ಮಾತು ಆಡಿದರೆ ಅಕ್ಕ ಊರು ಬಿಡುತ್ತಾಳೆ. ಮಾತು ಬಿದ್ದರೆ ಮೊದಲು ಯಾರ ಮೇಲೆ ಏರಿ ಹೋಗುವುದು ಅಂತಲೂ ನಾನು ಲೆಕ್ಕ ಹಾಕಿದ್ದೆ.

"ನಾನು ನಿಮಗೆ ಕಲಿಸಿದ ಮಗ್ಗಿಯಲ್ಲಿ ಬರೋದಿಲ್ಲ," ಅಂದರು ಮೇಷ್ಟರು.

"ಅಂಗಂದ್ರೆ ಬರಲ್ಲ," ಅಂದರು ಯಜಮಾನರು, ತಮ್ಮನಿಗೆ ಇನ್ನೊಂದು ಮಾತಿಗೆ ಜಾಗ ಕೊಡದೆ. "ಸಾಲಿಗೆ ಹನ್ನೆರಡು ಮಡಗ್ರೋ. ಒಂದೆಲೆ ಸೇರ್ಸಿ."

ಮುನ್ನೂರ ಇಪ್ಪತ್ತನಾಲ್ಕಕ್ಕೆ ಮೈಯೆಲ್ಲ ಕೀಲು. ಹನ್ನೆರಡು, ಒಂಬತ್ತು, ಆರು, ಎಲ್ಲಿ ಬೇಕಾದರೂ ಬಿಡುತ್ತದೆ. ಹನ್ನೆರಡರ ಸಾಲು ಕೊನೆಯವರೆಗೆ ತುಂಬಿಕೊಂಡು ಬಂತು. ಕೊನೆಯ ಎಲೆ ಇಟ್ಟ ಕೂಡಲೇ ಚಿಕ್ಕ ಯಜಮಾನ ಅದರ ಮೇಲೆ ಕಾಲಿಟ್ಟ.

ನಾನು ಎದ್ದೆ. ಬೆಳಗಿನಿಂದ ಆಡದ ಮಾತನ್ನು ಆಗ ಆಡಿದೆ. "ಕಾಲ್ ತಗೀರಿ. ಎಲೆ ಮ್ಯಾಲೆ ಏನ್ ಬಿದ್ರೂ ಪಾಲ್ ಮಾಡೋದು ನನ್ ಕೆಲ್ಸ."

ಅವನು ಮೂರು ಬೆರಳಿನ ಎಡಗೈಯಿಂದ ನನ್ನ ಕೆನ್ನೆಗೆ ಬಾರಿಸಿದ. ಬಾಯಲ್ಲಿ ಉಪ್ಪು ಉಪ್ಪು ರಕ್ತ ಬಂತು. ನಾನು ಮಚ್ಚಿನ ಬೆನ್ನನ್ನು ಅವನ ಮೊಳಕಾಲಿನ ಕೀಲಿಗೆ ಕೊಟ್ಟೆ. ಹರಿತದ ಬಾಯಿ ಕಡೆಯಲ್ಲ, ಬೆನ್ನು ಕಡೆ. ಎಲ್ಲಿ ಎಷ್ಟು ಹೊಡೆದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಅವನು ಕುಸಿದು ಚರ್ಮದ ರಾಶಿಯ ಮೇಲೆ ಬಿದ್ದ, ಎದ್ದು ನಿಲ್ಲಲು ಹೋದ, ಕಾಲು ಹಿಡಿಯಲಿಲ್ಲ. ಅವನ ಕಡೆಯ ನಾಲ್ಕು ಜನ ಮುಂದೆ ಬಂದರು. ನಾನು ಮಚ್ಚು ತಿರುಗಿಸಿ ಬಾಯಿ ಮುಂದೆ ಮಾಡಿದೆ. ಆಗ ಯಜಮಾನರು ನಡುವೆ ಬಂದು, ನನ್ನನ್ನಲ್ಲ, ತಮ್ಮನನ್ನು ಕಾಲಿನಿಂದ ಒದ್ದರು. ಸಾಲು ತುಂಬಿದೆ, ತುಂಬಿದ ಸಾಲನ್ನು ಕೆಡಿಸಿದರೆ ಬೀಳುವ ಹೆಣ ನಿನ್ನದೇ ಆಗುತ್ತದೆ ಅಂದರು. ಅಣ್ಣನ ಬಾಯಿಂದ ಅದು ಬಂದ ಮೇಲೆ ಆ ನಾಲ್ಕು ಜನ ಹಿಂದಕ್ಕೆ ಸರಿದರು.

ಬಾಯಿ ಮುಕ್ಕಳಿಸಿ ಮತ್ತೆ ಕೂತೆ. ಮುನ್ನೂರ ಇಪ್ಪತ್ತನಾಲ್ಕು ಪಾಲು ಮಾಡಿದೆ. ಮನೆ ಮನೆಯ ಹೆಸರು ಕೂಗಿದರು. ಕೊನೆಗೆ ಭಾವನ ಹೆಸರು ಕೂಗಿದಾಗ ಸ್ಕೂಲಿನ ಗೋಡೆಯ ಆಚೆಯಿಂದ ಅಕ್ಕ ಬಂದಳು. ಬೆಳಗಿನಿಂದ ಅಲ್ಲೇ ನಿಂತಿದ್ದಳೋ ಏನೋ, ಕೈಯಲ್ಲಿ ತಪ್ಪಲೆ ಇತ್ತು. ಚಿಕ್ಕ ಯಜಮಾನ ಮೊಳಕಾಲು ಹಿಡಿದು ಕೂತಿದ್ದ ಜಾಗದ ಪಕ್ಕದಲ್ಲೇ ಸೆರಗು ಸಿಕ್ಕಿಸಿಕೊಂಡು ನಡೆದು ಬಂದಳು. ತಪ್ಪಲೆಯನ್ನು ನನ್ನ ಮುಂದೆ ಇಟ್ಟು ಗುಡ್ಡೆಯನ್ನು ನೋಡಿದಳು.

"ಮೂಳೆ ಒಸಿ ಸಣ್ಣಕ್ ಕಡ್ದಾಕು ಕಣ್ಲಾ," ಅಂದಳು. "ನಿಮ್ ಭಾವುಂಗೆ ಅಗಿಯಕ್ಕಾಗಕಿಲ್ಲ."

ಕಡಿದು ಕೊಟ್ಟೆ. ತಲೆಯ ಮೇಲೆ ಹೊತ್ತು ಹೋದಳು. ಆ ವರ್ಷ ಅವಳ ಹೊಗೆಸೊಪ್ಪು ಮುರಿಯಲು ಆಳು ಬಂದರು, ಕಡ್ಡಿ ಕಟ್ಟಲು ಹೆಂಗಸರು ಬಂದರು. ಮಳೆಗಾಲದಲ್ಲಿ ಅವಳ ಅತ್ತೆ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ಯಜಮಾನರೂ ಒಬ್ಬರು. ಚಿಕ್ಕ ಯಜಮಾನ ಈಗಲೂ ಕಾಲೆಳೆಯುತ್ತಾನೆ, ನನ್ನನ್ನು ಕಂಡರೆ ಉಗಿಯುತ್ತಾನೆ.

ಅವತ್ತು ಕಣ ಖಾಲಿಯಾದ ಮೇಲೆ ಉಳಿದದ್ದು ಒಂದೇ ಗುಡ್ಡೆ, ಮೇಷ್ಟರದ್ದು. ಹೆಸರು ಕೂಗಿದಾಗ ಅವರು ಎದ್ದಿರಲಿಲ್ಲ. ಎಲ್ಲರೂ ಹೋದ ಮೇಲೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ನಿಧಾನಕ್ಕೆ ಬಂದರು. ನಾನು ಎರಡೂ ಕೈಯಿಂದ ಎತ್ತಿ ಹಾಕುತ್ತಿದ್ದೆ. ಅವರು ಬಗ್ಗಿ, ಕ್ಲಾಸಿನಲ್ಲಿ ಕೇಳುತ್ತಿದ್ದ ಅದೇ ರಾಗದಲ್ಲಿ, ಆದರೆ ನನಗೊಬ್ಬನಿಗೇ ಕೇಳುವ ಹಾಗೆ, "ಹದಿನೇಳು ಹತ್ತೊಂಬತ್ಲಿ ಎಷ್ಟೋ?" ಅಂದರು.

ರಕ್ತ ಮೆತ್ತಿದ ಕೈಯನ್ನು ದಿಮ್ಮಿಯ ಮೇಲಿಟ್ಟೆ, ಗೆಣ್ಣು ಮೇಲೆ ಮಾಡಿ.

"ಗೊತ್ತಿಲ್ಲ ಸಾ," ಅಂದೆ.

ಅವರು ಆ ಕೈಯನ್ನೇ ನೋಡಿದರು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, ನೊಣ ಓಡಿಸುತ್ತಾ, ಮನೆ ಕಡೆ ಹೋದರು.